ಮೂಗಿಗಿಂತ ಮೂಗುತಿ ಭಾರ ಆಗಬಾರದಲ್ವಾ? ಸೆಕೆಂಡ್ ಹ್ಯಾಂಡ್ ಐಷಾರಾಮಿ ಕಾರಿನ ಖರ್ಚು ಲೆಕ್ಕ ಹಾಕುವ ಬಗೆ

ಕಾರು ಕೊಂಡು ಆಗ ನಾಲ್ಕನೇ ತಿಂಗಳು. ಬೆಳಗ್ಗೆ ಎದ್ದು ಬಂದು ನೋಡಿದರೆ ಮುಂದಿನ ಎಡಗಡೆ ಮೂಲೆ ನೆಲಕ್ಕೆ ಕುಸಿದು ಕೂತಿತ್ತು, ಮೊಣಕಾಲೂರಿದ ಎಮ್ಮೆಯ ಹಾಗೆ. ಪಂಕ್ಚರ್ ಅಲ್ಲ. ಮಾಮೂಲು ಸ್ಪ್ರಿಂಗ್ ಬದಲು ಗಾಳಿ ಚೀಲಗಳ ಮೇಲೆ ಕಾರನ್ನು ನಿಲ್ಲಿಸುವ ಏರ್ ಸಸ್ಪೆನ್ಷನ್‌ನ ರಬ್ಬರ್ ಚೀಲ ಬಿರುಕು ಬಿಟ್ಟು ರಾತ್ರಿಯಿಡೀ ಗಾಳಿ ಸೋರಿತ್ತು. ಸೋರುವ ಚೀಲಕ್ಕೆ ತಿಂಗಳುಗಟ್ಟಲೆ ಗಾಳಿ ತುಂಬಿ ತುಂಬಿ ಕಂಪ್ರೆಸರ್ ಕೂಡ ಸುಟ್ಟಿತ್ತು. ಎರಡರ ಬಿಲ್ ಸೇರಿಸಿದರೆ ನಾನು ಕಾರಿಗೆ ಕೊಟ್ಟ ಹಣದಲ್ಲಿ ಸುಮಾರು ಆರನೇ ಒಂದು ಪಾಲು.

ಮಾರಿದವರು ಮೋಸ ಮಾಡಿರಲಿಲ್ಲ. ನಾನು ನೋಡಬೇಕಾದ ಬೆಲೆ ಬಿಟ್ಟು ಬೇರೆ ಬೆಲೆ ನೋಡಿದ್ದೆ, ಅಷ್ಟೇ. ಕಾರಿನ ಬೆಲೆ ವರ್ಷ ವರ್ಷ ಇಳಿಯುತ್ತದೆ. ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಹತ್ತು ವರ್ಷ ಹಳೆಯ ದೊಡ್ಡ ಸೆಡಾನ್ ಇವತ್ತು ಒಂದು ಸಣ್ಣ ಹೊಸ ಕಾರಿನ ಬೆಲೆಗೆ ಸಿಗಬಹುದು. ಆದರೆ ಅದರ ಹೆಡ್‌ಲೈಟ್, ಗೇರ್‌ಬಾಕ್ಸ್, ಬ್ರೇಕ್ ಡಿಸ್ಕ್‌ಗಳಿಗೆ ತಾವು ಅಗ್ಗದ ಕಾರಿನಲ್ಲಿದ್ದೇವೆ ಅನ್ನುವುದು ಗೊತ್ತಿಲ್ಲ.

ಆ ಬಿಲ್ ಕಟ್ಟಿದ ಮೇಲೆ ನಾನು ಒಂದು ಕ್ರಮ ಮಾಡಿಕೊಂಡೆ. ಒಂದು ಹಾಳೆ, ಒಂದು ಪೆನ್, ಎರಡು ಮೂರು ದಿನದ ಫೋನ್ ಕರೆಗಳು. ಅಡ್ವಾನ್ಸ್ ಕೊಡುವ ಮೊದಲೇ ಇದಿಷ್ಟೂ ಮುಗಿದಿರಬೇಕು.

ಹಂತ 1: ಕಾರು ಹೊಸದಾಗಿದ್ದಾಗಿನ ಬೆಲೆ ಬರೆದುಕೊಳ್ಳಿ

ಹಾಳೆಯ ಮೇಲ್ತುದಿಯಲ್ಲಿ ಎರಡು ಅಂಕಿ ಬರಲಿ. ಒಂದು, ಈಗ ಕೇಳುತ್ತಿರುವ ಬೆಲೆ. ಇನ್ನೊಂದು, ಅದೇ ಮಾದರಿ ಹೊಸದಾಗಿ ಶೋರೂಮ್‌ನಿಂದ ಹೊರಬಂದಾಗ ಇದ್ದ ಬೆಲೆ. ಎರಡನೆಯದರ ಸುತ್ತ ಗುಂಡಗೆ ಗೆರೆ ಎಳೆಯಿರಿ. ರಿಪೇರಿ, ಬಿಡಿಭಾಗ, ಮೆಕ್ಯಾನಿಕ್ ಕೂಲಿ, ಇವೆಲ್ಲ ನಡೆಯುವುದು ಆ ಅಂಕಿಯ ಲೆಕ್ಕದಲ್ಲಿ. ಎರಡರ ನಡುವಿನ ಅಂತರ ಹೆಚ್ಚಿದ್ದಷ್ಟೂ ಅಪಾಯ ಜಾಸ್ತಿ. ಮೂರನೇ ಒಂದು ಬೆಲೆಗೆ ಸಿಗುತ್ತಿದೆ ಎಂದರೆ ಪ್ರತಿ ರಿಪೇರಿಯೂ ನೀವು ಕೊಟ್ಟ ಹಣದ ಎದುರು ಮೂರು ಪಟ್ಟು ದೊಡ್ಡದಾಗಿ ಕಾಣುತ್ತದೆ.

ಹಂತ 2: ಮಾದರಿಯ ಹೆಸರು ಸಾಲದು, ಎಂಜಿನ್ ಕೋಡ್ ಹುಡುಕಿ

ಹೆಚ್ಚಿನವರು ಇಲ್ಲೇ ಎಡವುತ್ತಾರೆ. ‘ಆ ಕಂಪನಿ ಕಾರು ಗಟ್ಟಿ’, ‘ಈ ಕಂಪನಿ ಕಾರು ತಲೆನೋವು’ ಎಂಬ ಮಾತಿನಿಂದ ಏನೂ ಉಪಯೋಗವಿಲ್ಲ. ಒಂದೇ ಕಂಪನಿಯ, ಒಂದೇ ಹೆಸರಿನ, ಒಂದೇ ವರ್ಷದ ಎರಡು ಕಾರುಗಳಲ್ಲಿ ಎರಡು ಬೇರೆ ಎಂಜಿನ್ ಇರಬಹುದು. ಎಂಜಿನ್ ಕೋಡ್ ಎಂದರೆ ಕಂಪನಿ ಆ ಎಂಜಿನ್‌ಗೆ ಇಟ್ಟ ಗುರುತಿನ ಹೆಸರು. ಒಂದು ಎಂಜಿನ್ ಎಣ್ಣೆ ಬದಲಿಸಿದರೆ ಸಾಕು ಎಂದು ಓಡುತ್ತದೆ, ಇನ್ನೊಂದು ನಿಮ್ಮ ಉಳಿತಾಯ ತಿನ್ನುತ್ತದೆ.

ಕೆಲವು ಉದಾಹರಣೆ ನೋಡಿ. ಬಿಎಂಡಬ್ಲ್ಯು 2007ರಲ್ಲಿ ತಂದ ಎನ್47 ಎಂಬ ಎರಡು ಲೀಟರ್ ಡೀಸೆಲ್ ಎಂಜಿನ್‌ನ ಮೊದಲ ವರ್ಷಗಳ ಕಾರುಗಳಲ್ಲಿ ಟೈಮಿಂಗ್ ಚೈನ್ (ಎಂಜಿನ್‌ನ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ಆಡಿಸುವ ಸರಪಳಿ) ಸವೆಯುವ ದೂರು ಬಹಳ. ಚೈನ್ ಬೆಲೆ ದೊಡ್ಡದೇನಲ್ಲ. ಆದರೆ ಅದು ಇರುವುದು ಎಂಜಿನ್‌ನ ಹಿಂಬದಿ, ಗೇರ್‌ಬಾಕ್ಸ್‌ಗೆ ತಾಗಿದ ಕಡೆ. ಅದನ್ನು ಮುಟ್ಟಬೇಕಾದರೆ ಎಂಜಿನ್ ಅಥವಾ ಗೇರ್‌ಬಾಕ್ಸ್ ಇಳಿಸಬೇಕು. ಬಿಲ್‌ನಲ್ಲಿ ಹೆಚ್ಚಿನ ಪಾಲು ಕೂಲಿಯೇ.

ಅದೇ ಕಂಪನಿ 2008ರಲ್ಲಿ ತಂದ ಎನ್63 ಎಂಬ ವಿ8 (ಎರಡು ಸಾಲಿನಲ್ಲಿ ಎಂಟು ಸಿಲಿಂಡರ್) ಎಂಜಿನ್‌ನ ಕಥೆ ಬೇರೆ. ಅದರಲ್ಲಿ ಎಂಜಿನ್‌ಗೆ ಒತ್ತಿ ಗಾಳಿ ತುಂಬುವ ಟರ್ಬೊಗಳನ್ನು ಎರಡು ಸಾಲು ಸಿಲಿಂಡರ್‌ಗಳ ನಡುವಿನ ಸಂದಿಯಲ್ಲೇ ಕೂರಿಸಿದ್ದಾರೆ. ಜಾಗ ಉಳಿಯಿತು, ಶಕ್ತಿ ಬೇಗ ಸಿಕ್ಕಿತು. ಆದರೆ ಕಾವೆಲ್ಲ ಅಲ್ಲೇ ನಿಲ್ಲುತ್ತದೆ. ಆ ಕಾವಿಗೆ ವಾಲ್ವ್ ಸೀಲ್‌ಗಳು ಗಟ್ಟಿಯಾಗಿ ಎಂಜಿನ್ ಎಣ್ಣೆ ಕುಡಿಯಲು ಶುರು ಮಾಡುತ್ತದೆ. ಆಡಿ ಕಾರುಗಳ ಇಎ888 ಎಂಜಿನ್‌ನ ಎರಡನೇ ತಲೆಮಾರಿನಲ್ಲೂ ಎಣ್ಣೆ ಕುಡಿಯುವ ದೂರು ಇತ್ತು. ಅಲ್ಲಿ ಕಾರಣ ಪಿಸ್ಟನ್ ರಿಂಗ್. ಮೊದಲ ತಲೆಮಾರಿನ ಪೋರ್ಷೆ ಕಯೆನ್‌ನ ವಿ8ನಲ್ಲಿ ಕೂಲೆಂಟ್ ಹರಿಯುವ ಪ್ಲಾಸ್ಟಿಕ್ ಪೈಪ್‌ಗಳು ವರ್ಷಗಳ ಕಾವಿಗೆ ಒಡೆಯುತ್ತಿದ್ದವು. ಅವನ್ನು ತೆಗೆಸಿ ಅಲ್ಯೂಮಿನಿಯಂ ಪೈಪ್ ಹಾಕಿಸಿದ ಬಿಲ್ ಇದ್ದರೆ ಆ ಕಾರಿಗೆ ನಾನು ಸ್ವಲ್ಪ ಜಾಸ್ತಿ ಕೊಡಲೂ ತಯಾರು.

ಇವನ್ನೆಲ್ಲ ಹೆದರಿಸಲು ಹೇಳುತ್ತಿಲ್ಲ. ಈ ಎಂಜಿನ್‌ಗಳಿರುವ ಎಷ್ಟೋ ಕಾರುಗಳು ಚೆನ್ನಾಗಿ ಓಡುತ್ತಿವೆ. ಆದರೆ ಕೊಳ್ಳುವ ಮೊದಲು ನಿಮಗೆ ಮೂರು ವಿಷಯ ಗೊತ್ತಿರಬೇಕು. ಈ ಎಂಜಿನ್‌ನ ಹೆಸರಾಂತ ರೋಗ ಯಾವುದು? ಅದು ಎಷ್ಟು ಕಿಲೋಮೀಟರ್‌ನ ಆಸುಪಾಸಿನಲ್ಲಿ ಬರುತ್ತದೆ? ಈ ಕಾರಿಗೆ ಆ ಚಿಕಿತ್ಸೆ ಆಗಿದೆಯಾ, ಇನ್ನೂ ಬಾಕಿಯಾ? ಕಾರಿನ 17 ಅಕ್ಷರ-ಅಂಕಿಗಳ ಚಾಸಿಸ್ ನಂಬರ್ ಕೊಟ್ಟರೆ ಎಂಜಿನ್ ಯಾವುದು, ಗೇರ್‌ಬಾಕ್ಸ್ ಯಾವುದು, ಫ್ಯಾಕ್ಟರಿಯಿಂದ ಏನೇನು ಹಾಕಿಸಿಕೊಂಡು ಬಂದಿದೆ ಎಂದು ಬಿಡಿಭಾಗ ಮಾರುವವರೇ ಹೇಳುತ್ತಾರೆ. ಆ ನಂಬರ್ ಕೊಡಲು ಮಾರುವವರು ಹಿಂದೆ ಮುಂದೆ ನೋಡಿದರೆ ಸುಮ್ನೆ ಮುಂದಿನ ಕಾರಿಗೆ ಹೋಗಿ.

ಗೇರ್‌ಬಾಕ್ಸ್ ಬಗ್ಗೆ ಒಂದು ಮಾತು. ‘ಇದರ ಆಯಿಲ್ ಲೈಫ್‌ಟೈಮ್, ಬದಲಿಸುವುದೇ ಬೇಡ’ ಎಂದು ಹೇಳುವವರು ಸಿಗುತ್ತಾರೆ. ಬಹಳ ಐಷಾರಾಮಿ ಕಾರುಗಳಲ್ಲಿರುವ ಎಂಟು ಗೇರ್‌ನ ಆಟೊಮ್ಯಾಟಿಕ್ ಮಾಡುವುದು ಝಡ್‌ಎಫ್ ಎಂಬ ಜರ್ಮನ್ ಕಂಪನಿ. ಆ ಕಂಪನಿಯೇ 80,000ದಿಂದ 120,000 ಕಿ.ಮೀ. ಒಳಗೆ, ಇಲ್ಲವೇ 8 ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಎನ್ನುತ್ತದೆ. ಲೈಫ್‌ಟೈಮ್ ಅಂದರೆ ಯಾರ ಲೈಫ್‌ಟೈಮ್? ಮೊದಲ ಮಾಲೀಕರದ್ದು ಇರಬೇಕು.

ಹಂತ 3: ಕೊಳ್ಳುವ ಮೊದಲೇ ಬಿಡಿಭಾಗಗಳ ಬೆಲೆ ಕೇಳಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಹಂತ ಇದೇ. ಇದನ್ನು ಮಾಡುವವರು ಮಾತ್ರ ತೀರಾ ಕಡಿಮೆ. ಕಾರಿನ ಬೆಲೆಗೆ ಒಂದು ವಾರ ಚೌಕಾಸಿ ಮಾಡುತ್ತೇವೆ. ಅದರ ಶಾಕ್ ಅಬ್ಸಾರ್ಬರ್ ಬೆಲೆ ಕೇಳಲು ಒಂದು ಫೋನ್ ಮಾಡುವುದಿಲ್ಲ.

ಚಾಸಿಸ್ ನಂಬರ್ ಹಿಡಿದುಕೊಂಡು ಇವುಗಳ ಬೆಲೆ ಕೇಳಿ: ಮುಂದಿನ ಒಂದು ಶಾಕ್ ಅಬ್ಸಾರ್ಬರ್ (ಏರ್ ಸಸ್ಪೆನ್ಷನ್ ಇದ್ದರೆ ಗಾಳಿ ಚೀಲವಿರುವ ಒಂದು ಏರ್ ಸ್ಟ್ರಟ್ ಮತ್ತು ಕಂಪ್ರೆಸರ್), ಚಕ್ರವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ಮುಂದಿನ ಕಂಟ್ರೋಲ್ ಆರ್ಮ್‌ಗಳ ಪೂರ್ತಿ ಸೆಟ್, ಮುಂದಿನ ಬ್ರೇಕ್ ಡಿಸ್ಕ್ ಮತ್ತು ಪ್ಯಾಡ್, ವಾಟರ್ ಪಂಪ್, ಟರ್ಬೊ, ಒಂದು ಇಂಜೆಕ್ಟರ್, ಒಂದು ಹೆಡ್‌ಲೈಟ್, ಬ್ಯಾಟರಿ. ಪ್ರತಿಯೊಂದರ ಪಕ್ಕ ಕೂಲಿ ಎಷ್ಟು ಗಂಟೆಯದು ಎಂದೂ ಕೇಳಿಕೊಳ್ಳಿ. ಎಷ್ಟೋ ಸಲ ಭಾಗಕ್ಕಿಂತ ಕೂಲಿಯೇ ದುಬಾರಿ.

ಹೆಡ್‌ಲೈಟ್ ಕೇಳಿ ಎಂದದ್ದು ತಮಾಷೆಗಲ್ಲ. ಈಗಿನ ಮ್ಯಾಟ್ರಿಕ್ಸ್ ಎಲ್‌ಇಡಿ ದೀಪದೊಳಗೆ ಬರೀ ಬಲ್ಬ್ ಇರುವುದಿಲ್ಲ. ಕಂಟ್ರೋಲರ್, ಮೋಟರ್, ಎಲ್ಲ ಒಂದೇ ಡಬ್ಬದಲ್ಲಿ ಅಂಟಿಸಿ ಬರುತ್ತವೆ. ನೀರು ಸೇರಿಕೊಂಡರೆ ಬಹಳಷ್ಟು ಸಲ ಇಡೀ ದೀಪವೇ ಬದಲಾಗಬೇಕು. ಬ್ಯಾಟರಿಯೂ ಹಾಗೆಯೇ. ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ತಾನೇ ಆರಿಸುವ ಸ್ಟಾರ್ಟ್-ಸ್ಟಾಪ್ ಇರುವ ಇಂಥ ಕಾರಿಗೆ ಸಾಮಾನ್ಯವಾಗಿ ಎಜಿಎಂ ಬಗೆಯ ದುಬಾರಿ ಬ್ಯಾಟರಿ ಬೇಕು. ಹಲವು ಕಾರುಗಳಲ್ಲಿ ಹೊಸ ಬ್ಯಾಟರಿ ಹಾಕಿದ ಮೇಲೆ ಅದನ್ನು ಕಂಪ್ಯೂಟರ್‌ನಲ್ಲಿ ನೋಂದಾಯಿಸಲೂ ಬೇಕು. ಇಲ್ಲವಾದರೆ ಹಳೆಯ ಬ್ಯಾಟರಿಗೆ ಚಾರ್ಜ್ ಮಾಡಿದ ಹಾಗೆಯೇ ಹೊಸದಕ್ಕೂ ಮಾಡಿ ಕಾರು ಅದನ್ನು ಬೇಗ ಹಾಳು ಮಾಡುತ್ತದೆ.

ಬೆಲೆ ಕೇಳುವಾಗ ಎರಡು ದರ ಬರೆದುಕೊಳ್ಳಿ. ಒಂದು, ಕಾರು ಕಂಪನಿಯ ಡಬ್ಬದಲ್ಲಿ ಬರುವ ಭಾಗದ್ದು. ಇನ್ನೊಂದು, ಅದನ್ನು ನಿಜವಾಗಿ ತಯಾರಿಸಿದ ಕಂಪನಿಯ ಸ್ವಂತ ಡಬ್ಬದಲ್ಲಿ ಬರುವುದು. ಕಾರು ಕಂಪನಿಗಳು ಬಹಳ ಭಾಗಗಳನ್ನು ತಾವೇ ಮಾಡುವುದಿಲ್ಲ. ಬಾಷ್, ಮಾಲೆ, ಲೆಮ್‌ಫೋರ್ಡರ್ ಥರದವರು ಮಾಡಿ ಕೊಡುತ್ತಾರೆ. ಹೀಗೆ ಬರುವ ಭಾಗ ಎಷ್ಟೋ ಸಲ ಅದೇ ಆಗಿರುತ್ತದೆ, ಕಾರು ಕಂಪನಿಯ ಗುರುತು ಮಾತ್ರ ಇರುವುದಿಲ್ಲ. ಬೆಲೆ ಚೆನ್ನಾಗಿಯೇ ಇಳಿಯುತ್ತದೆ. ಕಂಟ್ರೋಲ್ ಆರ್ಮ್, ಫಿಲ್ಟರ್, ಬ್ರೇಕ್‌ಗಳಿಗೆ ಈ ದಾರಿ ಒಳ್ಳೆಯದು. ಎಲೆಕ್ಟ್ರಾನಿಕ್ ಕಂಟ್ರೋಲ್ ಬಾಕ್ಸ್‌ಗಳಿಗೆ ನಾನು ಈ ಪ್ರಯೋಗಕ್ಕೆ ಹೋಗುವುದಿಲ್ಲ.

ಇನ್ನೊಂದು ಗುಟ್ಟು, ಸಂಬಂಧಿಕರ ಕಾರು ಹುಡುಕುವುದು. ಆಡಿ ಎ3ಯ ಮೂಲ ಚೌಕಟ್ಟು ಫೋಕ್ಸ್‌ವ್ಯಾಗನ್ ಗಾಲ್ಫ್‌ನದೇ. ಕಯೆನ್ ಮತ್ತು ಫೋಕ್ಸ್‌ವ್ಯಾಗನ್ ಟುವಾರೆಗ್ ಅಣ್ಣತಮ್ಮಂದಿರು. ಲೆಕ್ಸಸ್ ಇಎಸ್‌ನ ಬೇರು ಟೊಯೋಟಾದಲ್ಲಿದೆ. ಹೀಗೆ ಸಾಮಾನ್ಯ ಕಾರಿನ ಜೊತೆ ಭಾಗ ಹಂಚಿಕೊಂಡ ಕಾರಿಗೆ ಬಿಡಿಭಾಗ ಸುಲಭಕ್ಕೆ ಸಿಗುತ್ತದೆ, ಕೈಯಾಡಿಸಿ ಗೊತ್ತಿರುವ ಮೆಕ್ಯಾನಿಕ್‌ಗಳೂ ಜಾಸ್ತಿ. ಕಡಿಮೆ ಸಂಖ್ಯೆಯಲ್ಲಿ ಮಾರಾಟವಾದ ವಿಶೇಷ ಮಾದರಿ ನೋಡಲು ಚೆಂದ, ಸಾಕಲು ಕಷ್ಟ.

ಹಂತ 4: ಇಂಧನದ ಲೆಕ್ಕ, ಆದರೆ ಲೀಟರ್‌ನಲ್ಲಿ

‘ಮೈಲೇಜ್ ಎಷ್ಟು ಕೊಡುತ್ತೆ?’ ಎಂಬುದು ಎಲ್ಲರ ಮೊದಲ ಪ್ರಶ್ನೆ. ಉತ್ತರ ಸಿಕ್ಕರೆ ಅದನ್ನು ವರ್ಷದ ಲೀಟರ್‌ಗೆ ತಿರುಗಿಸಿಕೊಳ್ಳಿ. ವರ್ಷಕ್ಕೆ 12,000 ಕಿ.ಮೀ. ಓಡಿಸುತ್ತೀರಿ ಎಂದಿಟ್ಟುಕೊಳ್ಳಿ. ಲೀಟರ್‌ಗೆ 8 ಕಿ.ಮೀ. ಕೊಡುವ ಕಾರು 1,500 ಲೀಟರ್ ಕುಡಿಯುತ್ತದೆ, 10 ಕೊಡುವುದು 1,200. ಉಳಿತಾಯ 300 ಲೀಟರ್. ಅದೇ 14ರಿಂದ 16ಕ್ಕೆ ಹೋದರೆ ಉಳಿಯುವುದು ನೂರು ಲೀಟರ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಎರಡೂ ಕಡೆ ವ್ಯತ್ಯಾಸ 2 ಕಿ.ಮೀ. ಆದರೂ ಹಣ ಒಂದೇ ಅಲ್ಲ.

ಜಾಹೀರಾತಿನ ಮೈಲೇಜ್ ನಂಬಬೇಡಿ. ಯುರೋಪಿನಲ್ಲಿ 2017ಕ್ಕಿಂತ ಮುಂಚಿನ ಕಾರುಗಳ ಅಂಕಿ ಹಳೆಯ ಎನ್‌ಇಡಿಸಿ ಪರೀಕ್ಷೆಯದ್ದು, ಅದು ತೀರಾ ಉದಾರಿ. ಆಮೇಲೆ ಬಂದ ಡಬ್ಲ್ಯುಎಲ್‌ಟಿಪಿ ಸ್ವಲ್ಪ ಸತ್ಯಕ್ಕೆ ಹತ್ತಿರ. ದಾಖಲೆ ಯಾವುದೇ ಇರಲಿ, ಅದೇ ಎಂಜಿನ್ ಓಡಿಸುವವರ ಮಾತು ಮೇಲು.

ಒಂದು ಎಚ್ಚರಿಕೆ. ಇಂಧನ ಉಳಿಯುತ್ತದೆ ಎಂದು ಡೀಸೆಲ್ ಕೊಂಡು ದಿನಾ ನಾಲ್ಕು ಕಿಲೋಮೀಟರ್ ಓಡಿಸಿದರೆ ಲೆಕ್ಕ ತಲೆಕೆಳಗಾಗುತ್ತದೆ. ಡೀಸೆಲ್ ಕಾರಿನ ಹೊಗೆ ಶೋಧಿಸುವ ಡಿಪಿಎಫ್ ಎಂಬ ಫಿಲ್ಟರ್ ತನ್ನಲ್ಲಿ ಕೂತ ಮಸಿಯನ್ನು ಸುಡಲು ಚೆನ್ನಾಗಿ ಬಿಸಿಯಾಗಬೇಕು. ಅದಕ್ಕೆ ದೂರದ ಓಟ ಬೇಕು. ಸಣ್ಣ ಸಣ್ಣ ಓಡಾಟದಲ್ಲಿ ಮಸಿ ಸುಡದೆ ಕಟ್ಟಿಕೊಳ್ಳುತ್ತದೆ. ಹೊಸ ಡಿಪಿಎಫ್ ಬೆಲೆ ಕೇಳಿದರೆ ಉಳಿಸಿದ ಡೀಸೆಲ್ ನೆನಪಿಗೂ ಬರುವುದಿಲ್ಲ.

ಹಂತ 5: ಟೈರ್ ಮತ್ತು ಬ್ರೇಕ್ ಮುಟ್ಟಿ ನೋಡಿ

ಟೈರ್ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಗುರುತು ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗೆರೆ ಆಳವಿದ್ದರೂ ಆರೇಳು ವರ್ಷ ದಾಟಿದ ಟೈರನ್ನು ನಾನು ‘ಬದಲಿಸಬೇಕು’ ಎಂಬ ಪಟ್ಟಿಗೆ ಸೇರಿಸುತ್ತೇನೆ. ಹಿಂದಿನ ಟೈರ್ ಮುಂದಿನದಕ್ಕಿಂತ ಅಗಲವಿದ್ದರೆ ಅವನ್ನು ಹಿಂದೆ ಮುಂದೆ ಬದಲಾಯಿಸಿ ಸವೆತ ಹಂಚಲು ಆಗುವುದಿಲ್ಲ. ಪಂಕ್ಚರ್ ಆದರೂ ಸ್ವಲ್ಪ ದೂರ ಓಡಬಲ್ಲ ರನ್‌ಫ್ಲಾಟ್ ಟೈರ್ ಆದರೆ ಬೆಲೆ ಇನ್ನೂ ಜಾಸ್ತಿ.

ನಾಲ್ಕೂ ಟೈರ್ ಬೇರೆ ಬೇರೆ ಕಂಪನಿಯದ್ದಾಗಿದ್ದರೆ ಹಿಂದಿನ ಮಾಲೀಕರ ಕೈ ಎಷ್ಟು ಬಿಗಿ ಇತ್ತು ಎಂದು ತಿಳಿಯುತ್ತದೆ. ಕಾರು ಆಲ್-ವೀಲ್-ಡ್ರೈವ್ ಆಗಿದ್ದರಂತೂ ಅದು ಬರೀ ಜಿಪುಣತನದ ವಿಷಯವಲ್ಲ. ಟೈರ್‌ಗಳ ಸುತ್ತಳತೆಯಲ್ಲಿ ವ್ಯತ್ಯಾಸವಿದ್ದರೆ ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಸದಾ ತಿಕ್ಕಾಡುತ್ತ ಸವೆಯುತ್ತದೆ.

ಬ್ರೇಕ್ ಡಿಸ್ಕ್ ಅಂಚಿನಲ್ಲಿ ಬೆರಳಾಡಿಸಿ. ಎತ್ತರದ ತುಟಿ ಸಿಕ್ಕರೆ ಡಿಸ್ಕ್ ಸವೆದಿದೆ. ಕಾರ್ಬನ್ ಸೆರಾಮಿಕ್ ಡಿಸ್ಕ್ ಇರುವ ಕಾರಾದರೆ ಬೆಲೆ ಕೇಳಿಕೊಂಡೇ ಮುಂದುವರಿಯಿರಿ. ಕೂತು ಕೇಳಿ.

ಹಂತ 6: ಸರ್ವಿಸ್ ಪುಸ್ತಕವನ್ನು ಸಾಲದ ಪುಸ್ತಕದ ಹಾಗೆ ಓದಿ

‘ಫುಲ್ ಸರ್ವಿಸ್ ಹಿಸ್ಟರಿ ಇದೆ’ ಎಂದರೆ ಸೀಲುಗಳನ್ನು ಎಣಿಸಿ ಸುಮ್ಮನಾಗಬೇಡಿ. ಬಿಲ್ ಕೇಳಿ. ಸೀಲು ‘ಬಂದು ಹೋಯಿತು’ ಎನ್ನುತ್ತದೆ. ಬಿಲ್ ‘ಏನು ಮಾಡಿದರು’ ಎನ್ನುತ್ತದೆ. ಇಲ್ಲಿ ಹುಡುಕಬೇಕಾದದ್ದು ಆಗಿರುವ ಕೆಲಸಕ್ಕಿಂತ ಆಗದೆ ಉಳಿದದ್ದನ್ನು. ಗೇರ್‌ಬಾಕ್ಸ್ ಆಯಿಲ್, ಬ್ರೇಕ್ ಫ್ಲುಯಿಡ್ (ಹೆಚ್ಚಿನ ಕಾರುಗಳಲ್ಲಿ ಎರಡು ವರ್ಷಕ್ಕೊಮ್ಮೆ), ಸ್ಪಾರ್ಕ್ ಪ್ಲಗ್, ಕೂಲೆಂಟ್, ಬೆಲ್ಟ್ ಇರುವ ಎಂಜಿನ್ ಆದರೆ ಟೈಮಿಂಗ್ ಬೆಲ್ಟ್. ಬಿಲ್ ಸಿಗದ ಪ್ರತಿ ಕೆಲಸವೂ ಹಿಂದಿನವರು ಮಾಡಿಟ್ಟ ಸಾಲ. ಕಾರಿನ ಜೊತೆ ಅದು ನಿಮ್ಮ ಹೆಸರಿಗೆ ಬರುತ್ತದೆ.

ಕಡಿಮೆ ಓಡಿದ ಹಳೆಯ ಕಾರು ಎಂದರೆ ಜನ ಬಾಯಿ ಬಿಡುತ್ತಾರೆ. ನನಗೆ ಅಷ್ಟು ನಂಬಿಕೆಯಿಲ್ಲ. ರಬ್ಬರ್ ಬುಷ್, ಸೀಲ್, ಏರ್ ಚೀಲ ಇವು ಓಡದಿದ್ದರೂ ವಯಸ್ಸಿಗೆ ಒಣಗುತ್ತವೆ. ಹತ್ತು ವರ್ಷದಲ್ಲಿ 30,000 ಕಿ.ಮೀ. ಓಡಿದ ಕಾರಿಗಿಂತ, ಆರು ವರ್ಷದಲ್ಲಿ 90,000 ಓಡಿ ಎಲ್ಲ ಬಿಲ್ ಇಟ್ಟಿರುವ ಕಾರು ನನಗಿಷ್ಟ.

ಹಂತ 7: ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಆಮೇಲೆ ಸ್ಕ್ಯಾನ್ ಮಾಡಿಸಿ

ಹೋಗುವ ಮೊದಲೇ ‘ನಾನು ಬರುವವರೆಗೆ ಕಾರು ಸ್ಟಾರ್ಟ್ ಮಾಡಬೇಡಿ’ ಎಂದು ಹೇಳಿ. ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ಯಾಕೆ ಎಂದು ಕೇಳಿ. ಚೈನ್ ಸದ್ದು, ನೀಲಿ ಹೊಗೆ, ಇವೆಲ್ಲ ಮೊದಲ ಕೆಲವು ಸೆಕೆಂಡ್‌ಗಳಲ್ಲೇ ಗುಟ್ಟು ಬಿಡುತ್ತವೆ. ಏರ್ ಸಸ್ಪೆನ್ಷನ್ ಇದ್ದರೆ ರಾತ್ರಿಯಿಡೀ ನಿಂತ ಕಾರಿನ ನಾಲ್ಕೂ ಮೂಲೆಯ ಎತ್ತರ ನೋಡಿ. ನಾನು ನೋಡಿರಲಿಲ್ಲ.

ನಂತರ ಆ ಬ್ರ್ಯಾಂಡ್ ಮೇಲೆ ಕೆಲಸ ಮಾಡುವ ಸ್ವತಂತ್ರ ಗ್ಯಾರೇಜ್‌ಗೆ ಕರೆದೊಯ್ಯಿರಿ. ಕಾರಿನ ಕಂಪ್ಯೂಟರ್‌ಗೆ ಚುಚ್ಚಿ ದೋಷ ಓದುವ, ಜೇಬಿನಲ್ಲಿ ಹಿಡಿಯುವ ಸಣ್ಣ ಒಬಿಡಿ ರೀಡರ್ ಎಂಜಿನ್ ದೋಷಗಳನ್ನಷ್ಟೇ ಓದುವುದು ಹೆಚ್ಚು. ಬಿಎಂಡಬ್ಲ್ಯುಗೆ ಇಸ್ಟಾ, ಮರ್ಸಿಡಿಸ್‌ಗೆ ಕ್ಸೆಂಟ್ರಿ, ಆಡಿಗೆ ಒಡಿಸ್, ಹೀಗೆ ಕಂಪನಿಯ ಸ್ವಂತ ಉಪಕರಣ ಹಚ್ಚಿದರೆ ಸಸ್ಪೆನ್ಷನ್, ಗೇರ್‌ಬಾಕ್ಸ್, ಏರ್‌ಬ್ಯಾಗ್, ಎಲ್ಲ ಕಂಟ್ರೋಲ್ ಬಾಕ್ಸ್‌ಗಳೂ ಮಾತಾಡುತ್ತವೆ. ಬೇರೆ ಬೇರೆ ಬಾಕ್ಸ್‌ಗಳಲ್ಲಿ ದಾಖಲಾದ ಕಿಲೋಮೀಟರ್ ಒಂದಕ್ಕೊಂದು ಹೊಂದದಿದ್ದರೆ ಓಡೋಮೀಟರ್ ಯಾರೋ ತಿರುಗಿಸಿದ್ದಾರೆ ಎಂಬ ಅನುಮಾನ ಬರಬೇಕು. ದೋಷಗಳೇ ಇಲ್ಲದೆ ಎಲ್ಲವೂ ನಿನ್ನೆ ಒರೆಸಿದ ಹಾಗೆ ಖಾಲಿ ಇದ್ದರೂ ಅನುಮಾನವೇ. ಅರ್ಧ ಗಂಟೆ ಓಡಿಸಿ ಮತ್ತೆ ಸ್ಕ್ಯಾನ್ ಮಾಡಿಸಿ.

ಎಲೆಕ್ಟ್ರಿಕ್ ಕಾರಾದರೆ ಬ್ಯಾಟರಿಯ ಆರೋಗ್ಯದ ವರದಿಯೇ ಮುಖ್ಯ. ಹಲವು ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 160,000 ಕಿ.ಮೀ. ವಾರಂಟಿ ಕೊಡುತ್ತವೆ. ಅದರಲ್ಲಿ ಎಷ್ಟು ಉಳಿದಿದೆ, ಎರಡನೇ ಮಾಲೀಕರಿಗೂ ಅನ್ವಯಿಸುತ್ತದೆಯೇ ಎಂದು ಬರಹದಲ್ಲಿ ನೋಡಿ.

ಹಂತ 8: ಇನ್ಶೂರೆನ್ಸ್, ವಾರಂಟಿ

ಇಲ್ಲಿ ಊಹೆ ಬೇಡ. ಚಾಸಿಸ್ ನಂಬರ್ ಕೊಟ್ಟು ಇನ್ಶೂರೆನ್ಸ್ ಕೊಟೇಶನ್ ತೆಗೆದುಕೊಳ್ಳಿ, ಹಾಳೆಯಲ್ಲಿ ಬರೆಯಿರಿ. ಎಕ್ಸ್‌ಟೆಂಡೆಡ್ ವಾರಂಟಿ ಸಿಗುವುದಾದರೆ ‘ಏನೆಲ್ಲ ಸೇರಿದೆ’ ಎಂಬ ಪುಟ ಬಿಟ್ಟು ‘ಏನು ಸೇರಿಲ್ಲ’ ಎಂಬ ಪುಟ ಓದಿ. ಏರ್ ಸಸ್ಪೆನ್ಷನ್, ಟರ್ಬೊ, ಎಲೆಕ್ಟ್ರಾನಿಕ್ಸ್ ಹೊರಗಿದ್ದರೆ ಆ ವಾರಂಟಿಗೆ ಹಣ ಕೊಡುವ ಬದಲು ಅದನ್ನೇ ಕೂಡಿಡುವುದು ಲೇಸು.

ಹಂತ 9: ಮೂರು ವರ್ಷದ ಹಾಳೆ

ಈಗ ಎಲ್ಲವನ್ನೂ ಒಂದೆಡೆ ಸೇರಿಸಿ. ಕೆಳಗಿನ ಅಂಕಿಗಳು ರೀತಿ ತೋರಿಸಲು ನಾನು ಹಾಕಿಕೊಂಡವು. ನಿಮ್ಮ ಫೋನ್ ಕರೆಗಳಿಂದ ಬಂದ ಅಂಕಿಗಳನ್ನು ಆ ಜಾಗದಲ್ಲಿ ತುಂಬಿ.

ಕಾರು ‘ಅ’ದ ಬೆಲೆ 100 ಎನ್ನಿ. ಹೊಸದಾಗಿದ್ದಾಗ ಅದು 300. ಹತ್ತು ವರ್ಷ ಹಳೆಯದು, ವಾರಂಟಿ ಇಲ್ಲ. ವರ್ಷಕ್ಕೆ ಇಂಧನ 6, ಇನ್ಶೂರೆನ್ಸ್ 4, ಮಾಮೂಲು ಸರ್ವಿಸ್ 4, ಟೈರ್ 2, ಬ್ರೇಕ್ 2. ರಿಪೇರಿಗೆ ಎತ್ತಿಡುವ ಹಣ 10. ಮೂರು ವರ್ಷದ ನಂತರ ಮಾರಿದರೆ 61 ಬರಬಹುದು, ಅಂದರೆ ಬೆಲೆ ಇಳಿಕೆ ವರ್ಷಕ್ಕೆ 13. ಒಟ್ಟು ವರ್ಷಕ್ಕೆ 41, ಮೂರು ವರ್ಷಕ್ಕೆ 123.

ಕಾರು ‘ಆ’ದ ಬೆಲೆ 120. ಅದೇ ಮಾದರಿ, ‘ಅ’ಗಿಂತ ನಾಲ್ಕು ವರ್ಷ ಹೊಸದು, ಸಣ್ಣ ಎಂಜಿನ್, ಮಾಮೂಲು ಸ್ಪ್ರಿಂಗ್ ಸಸ್ಪೆನ್ಷನ್, ಬಿಲ್‌ಗಳೆಲ್ಲ ಇವೆ. ಇಂಧನ 6, ಇನ್ಶೂರೆನ್ಸ್ 5, ಸರ್ವಿಸ್ 4, ಟೈರ್ 2, ಬ್ರೇಕ್ 1, ರಿಪೇರಿ ಹಣ 4, ಬೆಲೆ ಇಳಿಕೆ 14. ವರ್ಷಕ್ಕೆ 36, ಮೂರು ವರ್ಷಕ್ಕೆ 108.

ಕೊಳ್ಳುವಾಗ 20 ಕಡಿಮೆ ಇದ್ದ ಕಾರು ಮೂರು ವರ್ಷದಲ್ಲಿ 15 ಜಾಸ್ತಿ ತಿಂದಿತು. ವ್ಯತ್ಯಾಸ ಬಂದದ್ದು ಬಹುಮಟ್ಟಿಗೆ ಒಂದೇ ಸಾಲಿನಿಂದ: ರಿಪೇರಿ ಹಣ. ಆ ಸಾಲನ್ನು ತುಂಬಲು ನನ್ನ ಲೆಕ್ಕ ಹೀಗೆ. ವಾರಂಟಿ ಇಲ್ಲದ ಹಳೆಯ ಕಾರಿಗೆ ಹೊಸ ಬೆಲೆಯ ಶೇ 3ರಿಂದ 4ರಷ್ಟನ್ನು ಪ್ರತಿ ವರ್ಷ ಎತ್ತಿಡಬೇಕು. ಇದು ಯಾವ ಶಾಸ್ತ್ರವೂ ಅಲ್ಲ, ಪೆಟ್ಟು ತಿಂದು ಬಂದ ಅಂದಾಜು. ಹಂತ 2ರಲ್ಲಿ ದೊಡ್ಡ ರೋಗವೊಂದು ಬಾಕಿ ಇದೆ ಎಂದು ಗೊತ್ತಾಗಿದ್ದರೆ ಅದರ ಪೂರ್ತಿ ಬಿಲ್ಲನ್ನು ಬೇರೆಯಾಗಿ ಸೇರಿಸಿ.

ಮೊದಲ ವರ್ಷದ ರಿಪೇರಿ ಹಣ ಕಾರು ಕೊಳ್ಳುವ ದಿನವೇ ಕೈಯಲ್ಲಿರಬೇಕು. ಇರುವುದನ್ನೆಲ್ಲ ಕಾರಿಗೇ ಸುರಿದು, ರಿಪೇರಿ ಬಂದಾಗ ನೋಡೋಣ ಎಂದರೆ ನನ್ನ ಏರ್ ಸ್ಟ್ರಟ್ ಕಥೆಯೇ ನಿಮ್ಮದೂ ಆಗುತ್ತದೆ. ಅಷ್ಟು ಉಳಿಯದಿದ್ದರೆ ಒಂದು ಮೆಟ್ಟಿಲು ಕೆಳಗಿನ ಮಾದರಿ ನೋಡಿ.

ಹಂತ 10: ಹಾಳೆ ಹಿಡಿದುಕೊಂಡೇ ಚೌಕಾಸಿಗೆ ಕೂರಿ

‘ಸ್ವಲ್ಪ ಕಮ್ಮಿ ಮಾಡಿ’ ಎಂದರೆ ಸ್ವಲ್ಪವೇ ಕಮ್ಮಿ ಆಗುತ್ತದೆ. ‘ಟೈರ್ 2319, ಗೇರ್‌ಬಾಕ್ಸ್ ಆಯಿಲ್ ಬಿಲ್ ಇಲ್ಲ, ಮುಂದಿನ ಡಿಸ್ಕ್ ಸವೆದಿದೆ, ಮೂರರ ಬೆಲೆ ಇಷ್ಟು’ ಎಂದು ಕೊಟೇಶನ್ ಮುಂದಿಟ್ಟರೆ ಮಾತಿನ ದಾರಿಯೇ ಬೇರೆಯಾಗುತ್ತದೆ. ಮಾರುವವರಿಗೂ ಅದು ಅವಮಾನ ಅನ್ನಿಸುವುದಿಲ್ಲ. ಬೆಲೆ ಇಳಿಯದಿದ್ದರೆ ಹಾಳೆ ಮಡಚಿ ಜೇಬಿಗಿಟ್ಟು ಎದ್ದು ಬನ್ನಿ. ಎರಡನೇ ಕಾರು ನೋಡಿ ಬಂದ ಮೇಲೆ ಮೊದಲನೆಯವರೇ ಫೋನ್ ಮಾಡಿದ್ದೂ ಇದೆ.

ಕೊಂಡ ಮೇಲೆ ಮೊದಲ ವಾರದಲ್ಲೇ ಎಂಜಿನ್ ಆಯಿಲ್, ಎಲ್ಲ ಫಿಲ್ಟರ್, ಬ್ರೇಕ್ ಫ್ಲುಯಿಡ್ ಬದಲಿಸಿ. ಹಿಂದಿನವರು ಹೋದ ತಿಂಗಳಷ್ಟೇ ಬದಲಿಸಿದ್ದೆ ಎಂದರೂ ಬದಲಿಸಿ. ಆ ಬಿಲ್ಲನ್ನು ಒಂದು ಫೈಲ್‌ಗೆ ಹಾಕಿ, ಜೊತೆಗೆ ನಿಮ್ಮ ಹಾಳೆಯನ್ನೂ ಸೇರಿಸಿ. ಮೂರು ವರ್ಷದ ನಂತರ ನಿಮ್ಮಿಂದ ಕಾರು ಕೊಳ್ಳಲು ಬರುವವರು ಮೊದಲು ಕೇಳುವುದು ಆ ಫೈಲನ್ನೇ.